ಅಮ್ಮನ ಮೊಟ್ಟೆಗೆ ಅಡ್ಡ ಬರಬೇಡ

ಅಣ್ಣಾ,

ನೀನು ವಾಕಿಂಗ್ ಹೋದ ಹೊತ್ತಿನಲ್ಲಿ ಅಮ್ಮನಿಗೆ ಎರಡು ಮೊಟ್ಟೆ ಬೇಯಿಸಿ ಕೊಟ್ಟೆ. ನಿನ್ನನ್ನು ಕೇಳಲಿಲ್ಲ, ಇನ್ನು ಕೇಳುವುದೂ ಇಲ್ಲ.

ಫ್ರಿಜ್ಜಿಗೆ ನೀನು ಅಂಟಿಸಿದ್ದ ‘ಮೊಟ್ಟೆಯೇ ವಿಷ’ ಎಂಬ ಪತ್ರಿಕೆಯ ತುಣುಕನ್ನು ಕಿತ್ತಿದ್ದೇನೆ. ಆ ಸುದ್ದಿಗೆ ಮೂಲವಾದ ಸಂಶೋಧನಾ ವರದಿಯನ್ನು ಲೈಬ್ರರಿಯಲ್ಲಿ ಹುಡುಕಿಸಿ, ಪ್ರಿಂಟ್ ತಂದು ಮೇಜಿನ ಮೇಲಿಟ್ಟಿದ್ದೇನೆ. ತಲೆಬರಹ ಬಿಟ್ಟು ಒಳಗೆ ಓದು. ಪರೀಕ್ಷೆ ಮಾಡಿದ್ದು ಹದಿನೆಂಟು ಜನರ ಮೇಲೆ, ಎಲ್ಲರೂ ಇಪ್ಪತ್ತರ ಹರೆಯದ ಗಟ್ಟಿಮುಟ್ಟು ಗಂಡಸರು. ಅದೂ ಎರಡೇ ವಾರ. ಯಾರಿಗೂ ಕಾಯಿಲೆ ಬಂದಿಲ್ಲ, ರಕ್ತದ ಕೊಲೆಸ್ಟ್ರಾಲ್ ಅಂಕಿ ಚೂರು ಏರಿದೆ, ಅಷ್ಟೆ. ಖರ್ಚು ಕೊಟ್ಟವರು ಯಾರೆಂದು ಕೊನೆಯ ಪುಟದಲ್ಲಿದೆ: ಮೊಟ್ಟೆಯ ಬದಲು ನೀನು ಅಮ್ಮನಿಗೆ ಕಲಸಿ ಕುಡಿಸುವ ಪ್ರೊಟೀನ್ ಪುಡಿಯ ಕಂಪನಿಯೇ!

ನಾನು ದರ್ಜಿ. ಪೈಲ್ವಾನರ ಅಳತೆ ಹಿಡಿದು ಎಪ್ಪತ್ತರ ಅಮ್ಮನಿಗೆ ರವಿಕೆ ಹೊಲಿಯುವವಳಲ್ಲ. ಆಪರೇಷನ್ ಆದ ಮೇಲೆ ಅವಳ ರವಿಕೆಯನ್ನು ಎರಡು ಸಲ ಬಿಗಿ ಮಾಡಿದ್ದೇನೆ. ಮೂರನೇ ಸಲ ಮಾಡಲಾರೆ. ನಿನ್ನೆ ಡಾಕ್ಟರನ್ನೂ ಕೇಳಿದೆ. “ಧಾರಾಳವಾಗಿ ಕೊಡಮ್ಮಾ, ಮೈಯಲ್ಲಿ ಶಕ್ತಿ ಎಲ್ಲಿದೆ ಅವರಿಗೆ?” ಅಂದರು.

ಅಪ್ಪ ಹಾರ್ಟ್ ಅಟ್ಯಾಕಿನಲ್ಲಿ ಹೋದಾಗಿನಿಂದ ನಿನಗೆ ತುತ್ತು ತುತ್ತಿಗೂ ಭಯ, ಗೊತ್ತು. ಹಾಗಂತ ಅಮ್ಮನನ್ನು ಉಪವಾಸ ಕೆಡವಬೇಡ.

ಪುಡಿಯ ಡಬ್ಬ ಕಸದ ಬುಟ್ಟಿಯಲ್ಲಿದೆ, ಎತ್ತಿಡಬೇಡ. ಮಧ್ಯಾಹ್ನ ಇನ್ನೊಂದು ಮೊಟ್ಟೆ ಬೇಯಿಸು. ಜಗಳ ಆಡುವುದಿದ್ದರೆ ವರದಿ ಪೂರ್ತಿ ಓದಿಕೊಂಡು ಬಾ, ಅಂಗಡಿಯಲ್ಲೇ ಇರುತ್ತೇನೆ.

ಮೊದಲ ಮೊಟ್ಟೆ ಬಾಯಿಗಿಡುವಾಗ ಅಮ್ಮ ಬಾಗಿಲ ಕಡೆ ನೋಡಿ, “ಅವ್ನು ಬಂದ್ಬಿಟ್ರೆ?” ಅಂದಳು. ತನ್ನ ಮನೆಯಲ್ಲೇ ಕದ್ದು ತಿನ್ನುವವಳ ಹಾಗೆ. ಅದಕ್ಕೇ ಬರೆದಿಟ್ಟು ಹೋಗುತ್ತಿದ್ದೇನೆ.