ಎಂಟನೆಯ ಹಾಡಿಗೆ ಸದ್ದು ಉಳಿಯಲಿಲ್ಲ

ಹುಬ್ಬಳ್ಳಿ,
ಫೆಬ್ರವರಿ ೩೪, ೨೧೪೩

ಪ್ರಫುಲ್ಲಾ,

ನಿನಗೆ ಆಶೀರ್ವಾದ ಬರೆಯಬೇಕೋ ನಮಸ್ಕಾರ ಬರೆಯಬೇಕೋ ತಿಳಿಯದೆ ಎರಡನ್ನೂ ಬಿಟ್ಟಿದ್ದೇನೆ. ವರಸೆಯಲ್ಲಿ ನೀನು ನನ್ನ ಮುತ್ತಜ್ಜಿ. ಆದರೆ ಈ ಕಾಗದ ಸೇರುವ ದಿನ ನಿನಗೆ ಮೂವತ್ತನಾಲ್ಕು ವರ್ಷ, ಬರೆಯುತ್ತಿರುವ ನನಗೆ ಎಪ್ಪತ್ತನಾಲ್ಕು. ಹೆಸರು ಜೀವರತ್ನ. ನಮ್ಮ ಮನೆಯಲ್ಲಿ ಅಜ್ಜಿಯರನ್ನು ನೀನು ಎಂದೇ ಕರೆಯುವುದು. ಅದನ್ನು ಇವತ್ತಿನ ಮಟ್ಟಿಗೆ ಸಲಿಗೆ ಎಂದು ತಿಳಿಯಬೇಡ.

ನಿಮ್ಮ ಫೆಬ್ರವರಿಗೆ ಇಷ್ಟು ದಿನ ಇರಲಿಲ್ಲವೆಂದು ಗೊತ್ತು. ನಾವು ಮೇ ತಿಂಗಳಿನಿಂದ ಆರು ದಿನ ಕಿತ್ತು ಫೆಬ್ರವರಿಗೆ ಹೊಲಿದಿದ್ದೇವೆ. ಬಿಸಿಲು ಕಡಿಮೆಯಾಗಲಿಲ್ಲ, ಮೇ ಮಾತ್ರ ಬೇಗ ಮುಗಿಯುತ್ತದೆ. ನನ್ನ ಭಾಷೆಯೂ ನಿನಗೆ ವಿಚಿತ್ರ ಎನಿಸಬಹುದು. ನಾನು ಶಾಲೆಗೆ ಹೋದದ್ದು ನಾಲ್ಕೇ ವರ್ಷ. ನಿಮ್ಮ ಕಾಲದ ಕನ್ನಡವನ್ನು ನಮ್ಮ ಕ್ರೈಸ್ತ ಸಭೆಯ ಹಳೆಯ ವೇದಪುಸ್ತಕದಿಂದಲೂ ಒಂದು ಅಡುಗೆ ಪುಸ್ತಕದಿಂದಲೂ ಕಲಿತೆ. ಆದ್ದರಿಂದ ಒಮ್ಮೆ ಪ್ರವಾದಿಯ ಹಾಗೆ, ಒಮ್ಮೆ ಬದನೆಕಾಯಿ ಪಲ್ಯ ಮಾಡುವ ವಿಧಾನದ ಹಾಗೆ ಕೇಳಿಸಿದರೆ ಕ್ಷಮಿಸು.

ಈ ಕಾಗದ ಬಂದದ್ದು ಹಿಂದಂಚೆಯಲ್ಲಿ. ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆ ಅದು. ಜೀವಮಾನದಲ್ಲಿ ಒಂದೇ ಸಲ, ಸ್ವಂತ ರಕ್ತಸಂಬಂಧಿಗೆ ಮಾತ್ರ ಬರೆಯಬಹುದು. ನಮ್ಮ ಓಣಿಯ ಎಲ್ಲರೂ ತಮ್ಮ ಹಿರಿಯರಿಗೆ ನೀರಿನ ಬಗ್ಗೆ, ಬಿಸಿಲಿನ ಬಗ್ಗೆ ಬರೆದರು. ನಾನು ಹಾಡಿನ ಬಗ್ಗೆ ಬರೆಯುತ್ತಿದ್ದೇನೆ. ನೀರು ಬಿಸಿಲಿನ ವಿಷಯ ನಿಮಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದಿರಿ. ಹಾಡಿನ ವಿಷಯ ಬಹುಶಃ ನಿನಗೆ ಗೊತ್ತಿರಲಿಕ್ಕಿಲ್ಲ ಎಂಬ ಒಂದೇ ಆಸೆ ನನ್ನದು.

ನಿನ್ನ ಅಪ್ಪ ಸತ್ಯಮಿತ್ರಪ್ಪ ರೈಲ್ವೆ ಕಾರ್ಖಾನೆಯ ಫಿಟ್ಟರ್. ಮಿಶನ್ ದೇವಾಲಯದಲ್ಲಿ ನಾಲ್ಕು ದನಿಯಲ್ಲಿ ಹಾಡಿ ಬೆಳೆದ ಆತನೂ ಮೂವರು ಗೆಳೆಯರೂ ಗಿಟಾರ್, ಡ್ರಮ್ಸ್ ಹಿಡಿದು 'ಉಕ್ಕಿನ ಗುಬ್ಬಿ' ಎಂದು ಹೆಸರಿಟ್ಟುಕೊಂಡು, ೧೯೮೮ರಲ್ಲಿ 'ಎರಡನೇ ಪಾಳಿ' ಎಂಬ ರಾಕ್ ಕ್ಯಾಸೆಟ್ ತಂದರು. ಎಂಟು ಹಾಡು, ನಲವತ್ತೊಂದು ನಿಮಿಷ. ಇದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಈಗ ನಿನ್ನ ಮೇಜಿನ ಮೇಲೆ ಅದರ ಮೂಲ ಟೇಪ್ ಇದೆ. ಮರುಬಿಡುಗಡೆಗೆಂದು ನೀನೇ ಅದನ್ನು ತಿದ್ದುತ್ತಿದ್ದೀಯ. ಇನ್ನು ಒಂಬತ್ತು ದಿನಕ್ಕೆ ಅದನ್ನು ಅಚ್ಚಿಗೆ ಕಳಿಸುತ್ತೀಯ. ಕಳಿಸಿದ್ದರ ಫಲ ಏನಾಯಿತೆಂದು ಕೇಳು.

ನಾವು ಈಗ ಹನ್ನೊಂದು ಅಂತಸ್ತಿನ ಹುಲ್ಲುಹಲಗೆಯ ಮನೆಗಳಲ್ಲಿ ಇದ್ದೇವೆ. ಹುಲ್ಲನ್ನು ಒತ್ತಿ ಮಾಡಿದ ಗೋಡೆ. ತಂಪಾಗಿರುತ್ತದೆ, ಆದರೆ ಪಕ್ಕದ ಮನೆಯವರು ಸೀನಿದರೆ ನಮ್ಮ ಮನೆಯವರು ತಿರುಗಿ ನೋಡುತ್ತಾರೆ. ಅದಕ್ಕೇ ಪ್ರತಿ ಮನೆಗೂ ವರ್ಷಕ್ಕೆ ಇಷ್ಟು ಎಂದು ಸದ್ದುಪಾಲು ಗೊತ್ತುಮಾಡಿದ್ದಾರೆ. ಗೋಡೆಯ ಮೇಲೆ ಕಿವಿಪೆಟ್ಟಿಗೆ ಇರುತ್ತದೆ. ಎಷ್ಟು ಜೋರು, ಎಷ್ಟು ಹೊತ್ತು, ಎರಡನ್ನೂ ಅದು ಅಳೆಯುತ್ತದೆ, ಪಾಲು ಮುಗಿದ ಕೂಡಲೇ ಹಾಡುವ ಯಂತ್ರದ ಕರೆಂಟು ತೆಗೆಯುತ್ತದೆ. ಮಾತಿಗೆ, ಮಗುವಿನ ಅಳುವಿಗೆ ಲೆಕ್ಕವಿಲ್ಲ. ಒಬ್ಬರ ಪಾಲು ಇನ್ನೊಬ್ಬರಿಗೆ ಕೊಡುವಂತಿಲ್ಲ. ಹೆಚ್ಚಿನವರು ಮದುವೆಗೆಂದು ಉಳಿಸುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ವರ್ಷವೆಲ್ಲ ಒಗ್ಗರಣೆಯ ಚಟಪಟಕ್ಕೂ ಮುಚ್ಚಳ ಮುಚ್ಚಿ, ಅಕ್ಟೋಬರದ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಆ ಕ್ಯಾಸೆಟ್ ಹಚ್ಚುತ್ತೇವೆ. ಇಡೀ ಓಣಿ ಬಂದು ಕೂರುತ್ತದೆ. ಎದುರು ಮನೆಯ ಹುಸೇನಬಿ ಪ್ರತಿ ವರ್ಷ ಗಿರಮಿಟ್ ಮಾಡಿ ತಂದು ಅದೇ ಮಾತು ಹೇಳುತ್ತಾಳೆ: "ಹಾಡು ಮುಗಿಯೂತನಾ ಯಾರೂ ಚುರುಮುರಿ ಕಡೀಬ್ಯಾಡ್ರಿ, ಪೆಟಗಿ ಅದನ್ನೂ ಬರಕೊಂತೈತಿ."

ಕೇಳಲು ಏಕೆ ಅಷ್ಟು ಆಸೆ ಎಂದರೆ, ಆ ಹಾಡುಗಳು ಗುದ್ದುವ ಮೊದಲು ಕೈ ಹಿಡಿಯುತ್ತವೆ. ಎರಡು ಗಿಟಾರ್ ಅಕ್ಕತಂಗಿಯರ ಹಾಗೆ ಒಂದೇ ರಾಗದಲ್ಲಿ ತುಸು ಅಂತರ ಬಿಟ್ಟು ನಡೆಯುತ್ತವೆ, ಪಲ್ಲವಿಗೆ ಮುನ್ನ ಎಲ್ಲ ಇಳಿದು ಉಸಿರು ಮಾತ್ರ ಉಳಿಯುತ್ತದೆ, ಆಮೇಲೆ ನಾಲ್ಕು ದನಿ ಒಟ್ಟಿಗೆ ಏರುತ್ತವೆ. ನಿನ್ನ ಅಪ್ಪನದು ಅದರಲ್ಲಿ ತೀರಾ ಕೆಳಗಿನ ದನಿ. ಏಳು ಹಾಡಿನಲ್ಲಿ ಅದು ಇದೆಯೋ ಇಲ್ಲವೋ ಎನ್ನುವಷ್ಟು. ಎಂಟನೆಯದು, 'ಕಂದೀಲು ಇಳಿಸು', ಅದರಲ್ಲಿ ಉಳಿದವರೆಲ್ಲ ನಿಲ್ಲುತ್ತಾರೆ, ಆತ ಒಬ್ಬನೇ ಹಾಡುತ್ತಾನೆ. ಏಳು ಹಾಡು ಕಾದವರಿಗೆ ಮಾತ್ರ ಅದರ ರುಚಿ.

ಹೋದ ವರ್ಷದ ಹಿಂದಿನ ವರ್ಷ ಕ್ಯಾಸೆಟ್ಟಿನ ಪಟ್ಟಿ ತುಂಡಾಗಿ ಪುಡಿಯಾಯಿತು. ಯಂತ್ರಗಳ ಹೊಟ್ಟೆಯಲ್ಲಿ ನೀವು ಇಟ್ಟಿದ್ದ ಹಾಡುಗಳು ಯಾವತ್ತೋ ಹೋಗಿವೆ. ಉಳಿದದ್ದು ನಿನ್ನ ಮರುಬಿಡುಗಡೆಯ ರೆಕಾರ್ಡ್ ಒಂದೇ. ಅದರ ಬೆನ್ನಿಗೆ ನಿನ್ನ ಹೆಸರು, ಹೆಸರಿನ ಕೆಳಗೆ ನೀನು ಬರೆದ ಸಾಲು: "ಅಪ್ಪನ ದನಿ ಇನ್ನು ಯಾರ ದನಿಯ ಕೆಳಗೂ ಉಳಿಯಬಾರದು." ಮೊದಲ ಸಲ ಓದಿದಾಗ ನನ್ನ ಕಣ್ಣು ತುಂಬಿತು. ಈಗ ಓದಿದರೆ ಹಲ್ಲು ಕಡಿಯುತ್ತೇನೆ.

ನನ್ನ ಅಕ್ಕ ಸುಗಂಧಿಗೆ ಶ್ವಾಸಕೋಶ ಕೆಟ್ಟಿತ್ತು. ಇನ್ನೊಂದು ಅಕ್ಟೋಬರ ಇಲ್ಲವೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೋದ ಅಕ್ಟೋಬರದ ಆ ಭಾನುವಾರ ಅವಳನ್ನು ದಿಂಬು ಒಟ್ಟಿ ಕೂರಿಸಿದೆ. ರೆಕಾರ್ಡ್ ಹಚ್ಚಿದೆ. ಸದ್ದಿನ ಗುಂಡಿಯನ್ನು ಅರವತ್ತು ವರ್ಷದಿಂದ ತಿರುಗಿಸುತ್ತಿದ್ದ ಗುರುತಿಗೇ ತಿರುಗಿಸಿದೆ. ಸುಳ್ಳು ಹೇಳುವುದಿಲ್ಲ, ಮೊದಲ ಎರಡು ಹಾಡು ನಮ್ಮನ್ನು ಮರುಳು ಮಾಡಿದವು. ನಾವು ಎಂದೂ ಕೇಳದ ಬೇಸ್ ಗಿಟಾರ್ ಎದೆಗೆ ಬಂತು. ಸುಗಂಧಿ ದಿಂಬು ಬಿಟ್ಟು ತಾನೇ ನೆಟ್ಟಗೆ ಕೂತಳು.

"ಜೀವೀ, ಕೆಳಗಿನ ದನಿ ಕೇಳಿದೇನ? ಹಿರ‍್ಯಾನ ದನಿ ಅದು. ಮದಲನೇ ಹಾಡಿಗೇ ಬಂದ್ ಬಿಟ್ಟಾನಲ್ಲ."

ಮೂರನೆಯ ಹಾಡಿಗೆ ನನಗೆ ಸಂಶಯ ಬಂತು. ಉಸಿರು ಉಳಿಯಬೇಕಾದ ಜಾಗದಲ್ಲಿ ಉಸಿರೂ ಡ್ರಮ್ಸಿನಷ್ಟೇ ಜೋರು. ತಗ್ಗು ಎಲ್ಲೂ ಇಲ್ಲ, ಆದ್ದರಿಂದ ದಿಬ್ಬವೂ ಇಲ್ಲ. ಕಿವಿಪೆಟ್ಟಿಗೆಯ ಮುಳ್ಳು ಐದನೆಯ ಹಾಡಿಗೆ ಬರಬೇಕಾದಲ್ಲಿಗೆ ಆಗಲೇ ಬಂದಿತ್ತು. ನಾನು ಎದ್ದು ಗುಂಡಿಗೆ ಕೈ ಹಾಕಿದೆ.

"ಮುಟ್ಟಬ್ಯಾಡ" ಎಂದಳು ಸುಗಂಧಿ.

"ಮುಗೀತೈತೆವಾ, ಪಾಲು ಮುಗೀತೈತಿ. ಬಿಡು, ರೆಕಾರ್ಡಿನ ಮುಳ್ಳ ಎತ್ತಿ ಕಡೀ ಹಾಡಿಗೆ ಇಡ್ತೇನಿ."

"ಎಂಟನೇದು ಎಂಟನೇದಾಗೇ ಬರಲಿ. ನಡಕ ಎಬ್ಬಿಸಿ ತಂದ್ರ ಅದೇನ್ ಹಾಡು? ಕುಂಡರು ನೀ."

ಕೂತೆ. ನನ್ನ ತಪ್ಪು ಅಲ್ಲಿದೆ, ಅದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ. ಹುಟ್ಟಿದಾಗಿನಿಂದ ಅಕ್ಕ ಕೂರು ಎಂದರೆ ಕೂತವಳು ನಾನು. ಆರನೆಯ ಹಾಡಿನ ಪಲ್ಲವಿಯ ನಡುವೆ ಕಿವಿಪೆಟ್ಟಿಗೆ ಟಕ್ ಎಂದಿತು. ರೆಕಾರ್ಡ್ ತಾನಾಗಿ ನಿಧಾನವಾಗಿ ನಿಂತಿತು. ಹುಸೇನಬಿ ಹೇಳಿದಳು:

"ನಿಮ್ಮ ಮುತ್ತಜ್ಜಿ ಕೈ ಭಾಳ ಧಾರಾಳ ಬಿಡ್ರಿ. ಆರು ಹಾಡಿನ್ಯಾಗ ಹನ್ನೆರಡು ಹಾಡಿನ ಸದ್ದು ತುಂಬ್ಯಾಳ."

ಸುಗಂಧಿ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ "ಮುಂದಿನ ವರ್ಷ ಸಣ್ಣಗ ಇಡು" ಎಂದಳು. ಹನ್ನೊಂದು ದಿನಕ್ಕೆ ತೀರಿಕೊಂಡಳು. ಆ ಹನ್ನೊಂದು ದಿನದಲ್ಲಿ ಒಮ್ಮೆ ಆಕೆಗಾಗಿ ನಾನೇ ಎಂಟನೆಯ ಹಾಡನ್ನು ಬಾಯಲ್ಲಿ ಹೇಳಿದ್ದೆ, ಕೇಳಿ ಮುಖ ಸಿಂಡರಿಸಿ ಗೋಡೆಗೆ ತಿರುಗಿದಳು. ಅವಳು ಕಾದದ್ದು ನನ್ನ ದನಿಗಲ್ಲ.

ನಿನಗೆ ಅಪ್ಪ ಬೇಕಿತ್ತು. ಗೊತ್ತು. ಕೆಳಗೆ ಹೂತ ದನಿಯನ್ನು ಮೇಲೆತ್ತುವ ಕೈ ನನ್ನದಾಗಿದ್ದರೆ ನಾನೂ ಎತ್ತುತ್ತಿದ್ದೆನೇನೋ. ಆದರೆ ಆತ ನಾಚಿಕೆಯಿಂದ ಹಿಂದೆ ನಿಂತಿರಲಿಲ್ಲ, ಪ್ರಫುಲ್ಲಾ. ಏಳು ಹಾಡು ಗೆಳೆಯರನ್ನು ಹೆಗಲ ಮೇಲೆ ಹೊತ್ತು, ಎಂಟನೆಯದಕ್ಕೆ ಇಳಿಸಿದ. ನೀನು ಮೊದಲ ಹಾಡಿಗೇ ಅವನನ್ನು ಎಳೆದು ಮುಂದೆ ನಿಲ್ಲಿಸಿ, ಉಳಿದ ಮೂವರನ್ನೂ ಅವನ ಎತ್ತರಕ್ಕೆ ಕೂಗಿಸಿದೆ. ನಿನ್ನ ಕಾಲದವರು ಬಸ್ಸಿನಲ್ಲಿ, ಸಂತೆಯಲ್ಲಿ ಕಿವಿಗೆ ತುರುಕಿಕೊಂಡು ಕೇಳುತ್ತಾರೆ, ಜೋರಾಗಿರದಿದ್ದರೆ ಮುಂದಿನ ಹಾಡಿಗೆ ಹಾರುತ್ತಾರೆ ಎಂದು ಯಾರೋ ನಿನಗೆ ಹೇಳಿರಬೇಕು. ಹಾರುವವರಿಗಾಗಿ ಕಾಯುವವರನ್ನು ಕೊಂದೆ.

ಟೇಪನ್ನು ಹಾಗೇ ಇಡು. ಧೂಳು ಒರೆಸು, ಬೇಸ್ ಬೇಕಾದರೆ ಕೇಳಿಸು, ಅದಕ್ಕೆ ಅಡ್ಡ ಬರುವುದಿಲ್ಲ. ತಗ್ಗನ್ನು ತಗ್ಗಾಗಿಯೇ ಬಿಡು. ಅಪ್ಪನ ದನಿ ಏಳು ಹಾಡು ಕೆಳಗಿರಲಿ. ಕಂಪನಿಯವರು ಕೂಗಾಡಿದರೆ ಕೂಗಾಡಲಿ, ಅವರಿಗೆ ಸದ್ದುಪಾಲು ಇಲ್ಲ.

ನಾಳೆ ಮಾರ್ಚ್ ಒಂದು, ಹೊಸ ಪಾಲು ಬರುತ್ತದೆ. ಅಕ್ಟೋಬರದ ತನಕ ಕಾಯುವವರು ಮನೆಯಲ್ಲಿ ಈಗ ಯಾರೂ ಇಲ್ಲ. ಮಧ್ಯಾಹ್ನ ಒಬ್ಬಳೇ ಕೂತು, ಗುಂಡಿಯನ್ನು ಅದೇ ಗುರುತಿಗೆ ತಿರುಗಿಸಿ ರೆಕಾರ್ಡ್ ಹಚ್ಚುತ್ತೇನೆ. ನೀನು ನನ್ನ ಮಾತು ಕೇಳಿ ರೆಕಾರ್ಡ್ ಬದಲಾಗಿ ಎಂಟನೆಯ ಹಾಡು ಬಂದರೆ, ಸುಗಂಧಿ ಕೇಳದೆ ಹೋದದ್ದಕ್ಕೂ ಸೇರಿಸಿ ನಿನ್ನನ್ನು ಕ್ಷಮಿಸುತ್ತೇನೆ. ಆರಕ್ಕೇ ನಿಂತರೆ ಅಂಚೆ ತಪ್ಪಿತು, ಕಾಗದ ಸೇರಲಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುವುದಿಲ್ಲ. ಸೇರಿತು, ನೀನು ಓದಿದೆ, ಆದರೂ ಕೂಗಿಸಿದೆ ಎಂದೇ ತಿಳಿಯುತ್ತೇನೆ.

ಜೀವರತ್ನ