ಲ್ಯಾಪ್‌ಟಾಪಿನ ದನಿ

ರೀ,

ನಾನು ಸಂಶಿ ಊರಿನ ಸಾಲಿಗೆ ಪಾಠ ಹೇಳಾಕ ಹೊಂಟೀನಿ. ಅನ್ನ ಮೆತ್ತಗ ಮಾಡೇನಿ, ಹಾಲು ಕಲಸ್ಕೊಂಡು ಉಣ್ರಿ.

ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಅನ್ನೂ ಸಾಫ್ಟ್‌ವೇರ್ ಹಾಕೇನಿ. ಫುಕಟ ಸಿಗತೈತಿ, ಎಲ್ಲಾ ಕನ್ನಡದಾಗ ತೋರಸತೈತಿ. ಏನು ಒತ್ತಿದ್ರೂ ಕೆಡೂದಿಲ್ಲ, ಹೆದರಬ್ಯಾಡ್ರಿ. ಹಳದಿ ಚೌಕ ಒತ್ತಿ ಟೈಪ್ ಮಾಡ್ರಿ, ನೀವು ಬರದದ್ದನ್ನ ಅದು ಗಟ್ಟಿಯಾಗಿ ಓದತೈತಿ.

ದನಿ ನಿಮ್ಮದರಂಗ ಇಲ್ಲ, ಖರೆ. ನಿನ್ನೆ ಅದನ್ನ ಕೇಳಿ ಲ್ಯಾಪ್‌ಟಾಪ್ ಮುಚ್ಚಿಟ್ಟು ಎದ್ದು ಹೋದ್ರಿ, ನನಗ ಭಾಳ ಸಿಟ್ಟು ಬಂತು.

ಗಂಟಲ ಆಪರೇಷನ್ ಆಗಿ ನಿಮ್ಮ ದನಿ ಹೋಗಿ ಏಳು ತಿಂಗಳಾತು. ಮನ್ಯಾಗ ನಾನೊಬ್ಬಾಕಿನೇ ಮಾತಾಡ್ತೀನಿ, ಉತ್ತರಾನೂ ನಾನೇ ಕೊಟ್ಕೋತೀನಿ.

ನನಗ ಯಾವ ದನಿಯಾದ್ರೂ ನಡೀತೈತಿ. ಸಂಜಿಕ ನಾ ಬಾಗಿಲಾಗ ಚಪ್ಪಲಿ ಬಿಡೂ ಹೊತ್ತಿಗೆ ಅದರಾಗ ನನ್ನ ಹೆಸರು ಹಿಡದು ಕರೀರಿ. ಕರಿಯಾಕ ಮನಸ್ಸಿಲ್ಲಂದ್ರ ಬೈರಿ.

ಸುಮಂಗಲಾ