ಆರ್ದಿಕ ಸ್ವಾಗತ

ಲೇ ಮೆಣಸಿನಕಾಯಿ,

ಇವತ್ತು ಕಾಲೇಜಿನ ವಾರ್ಷಿಕೋತ್ಸವ. ನಿರೂಪಕ ಮೈಕ್ ಹಿಡಿದವನೇ, ಹೋದ ವರ್ಷ ನೀನು ಹೇಳಿದ ಹಾಗೆಯೇ, "ಎಲ್ಲರಿಗೂ ಆರ್ದಿಕ ಸ್ವಾಗತ" ಎಂದು ಬೇಕಂತಲೇ ಹೇಳಿದ. ಸಭಾಂಗಣವೆಲ್ಲ ಹೋ ಎಂದು ನಕ್ಕಿತು. ನೀನು ಕಾಲೇಜು ಬಿಟ್ಟ ಮೇಲೆ ಸೇರಿದವರೂ ನಕ್ಕರು. ಅವರೂ ಆ ರೀಲ್ ನೋಡಿದ್ದಾರಂತೆ. ಪ್ರಿನ್ಸಿಪಾಲರೂ ಹಲ್ಲು ಕಿರಿದರು. ಒಂದು 'ಹ' ನಾಲಿಗೆಗೆ ಬರದಿದ್ದರೆ ಓದನ್ನೇ ಬಿಡಬೇಕೇನೇ? ಇವರ ಲೈಕುಗಳಿಗಿಷ್ಟು ಬೆಂಕಿ ಹಾಕ!

"ಇದೇನು ನಗೋ ವಿಷ್ಯನಾ?" ಎಂದು ಎದ್ದು ಕಿರುಚಿದೆ.

ಪಕ್ಕದವಳು ಕೈ ಹಿಡಿದು ಎಳೆದಳು. "ಸುಮ್ನೆ ಕೂತ್ಕೊಳ್ಳೇ. ಅದನ್ನ ಮೊದ್ಲು ಗ್ರೂಪಿಗೆ ಹಾಕಿದ್ದು ಯಾರು ಅಂತ ಎಲ್ರಿಗೂ ಗೊತ್ತು."

ಕೂತೆ.

"ಅಮ್ಮಂಗೆ ತೋರಿಸ್ಬೇಕು, ನನ್ನ ಭಾಷಣ ನೀನೇ ವಿಡಿಯೊ ಮಾಡೇ" ಎಂದು ಅವತ್ತು ನನ್ನನ್ನೇ ಕೇಳಿದ್ದೆಯಲ್ಲ. ನಿನ್ನಮ್ಮ ಅದನ್ನು ಕೊನೆಗೆ ನೋಡಿದ್ದು ಯಾರದೋ ಸ್ಟೇಟಸ್‌ನಲ್ಲಿ.